ಕಾರ್ಯದರ್ಶಿಯ ಜೇಬಿನಲ್ಲಿರುವ ಸಂಸ್ಥೆ

ದಫನ ಮುಗಿದ ಮೂರನೆಯ ದಿನ ನಾವು ನಾಲ್ವರು ಮೃತರ ಮನೆಗೆ ಹೋದೆವು. ಸಂತಾಪ ಸೂಚಿಸುವುದು ನೆಪವಾಗಿರಲಿಲ್ಲ. ಆದರೆ ಅದೊಂದೇ ಉದ್ದೇಶವೂ ಆಗಿರಲಿಲ್ಲ. ನಮಗೆ ಅವರ ಮೊಬೈಲ್ ಬೇಕಿತ್ತು.

ಹತ್ತೊಂಬತ್ತು ವರ್ಷ ಒಂದು ಸಣ್ಣ ವಿದ್ಯಾರ್ಥಿವೇತನ ಸಮಿತಿಯ ಕಾರ್ಯದರ್ಶಿಯಾಗಿದ್ದವರು ಅವರು. ಜಾತಿ ಧರ್ಮ ನೋಡದೆ ಊರಿನ ಬಡ ಮಕ್ಕಳ ಕಾಲೇಜು ಶುಲ್ಕ ಭರಿಸುತ್ತಿದ್ದ ಸಮಿತಿ. ಅವರ ಪ್ರಾಮಾಣಿಕತೆಯ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ, ಇಂದಿಗೂ ಇಲ್ಲ. ಸಮಿತಿಯ ಬ್ಯಾಂಕ್ ಖಾತೆಗೆ ಜೋಡಿಸಿದ್ದು ಅವರ ಮೊಬೈಲ್ ಸಂಖ್ಯೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿದ್ದುದೂ ಅದೇ ಸಂಖ್ಯೆ. ದಾನಿಗಳ ಪಟ್ಟಿ, ಮಕ್ಕಳ ಪಟ್ಟಿ, ಯಾರಿಗೆ ಎಷ್ಟು ಸಂದಿದೆ ಎಂಬ ಲೆಕ್ಕ ಎಲ್ಲವೂ ಇದ್ದುದು ಅವರ ಖಾಸಗಿ ಇಮೇಲ್‌ನಲ್ಲಿ. ಮಗ ಕಣ್ಣೊರೆಸಿಕೊಳ್ಳುತ್ತಾ ಮೊಬೈಲ್ ತಂದುಕೊಟ್ಟ. ಅದರ ಬೀಗದ ಸಂಖ್ಯೆ ಮನೆಯವರಾರಿಗೂ ಗೊತ್ತಿರಲಿಲ್ಲ. ಸಿಮ್ ತೆಗೆದು ಬೇರೊಂದು ಸೆಟ್ಟಿಗೆ ಹಾಕಿದೆವು. ಒಟಿಪಿಯೇನೋ ಬಂತು. ಇಮೇಲ್ ಮಾತ್ರ ಹಳೆಯ ಮೊಬೈಲನ್ನೇ ಕೇಳಿತು. ತೀರಿಹೋದವರ ಹೆಸರಿಗೆ ಬಂದ ಒಟಿಪಿಯಿಂದ ಸಂಸ್ಥೆಯ ಬಾಗಿಲು ತೆರೆಯುವುದು ಕಾನೂನಿಗೆ ಒಪ್ಪಿತವೇ ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರೂ ಎತ್ತಲಿಲ್ಲ.

ಅದು ಮೇ ತಿಂಗಳು. ತಿಂಗಳ ಕೊನೆಯೊಳಗೆ ದಾನಿಗಳ ವಿವರ ಸಲ್ಲಿಕೆಯಾಗಬೇಕಿತ್ತು. ಜೂನ್‌ನಲ್ಲಿ ಮಕ್ಕಳಿಗೆ ಶುಲ್ಕ ತಲುಪಬೇಕಿತ್ತು. ಎರಡೂ ಆಗಲಿಲ್ಲ. ಬ್ಯಾಂಕಿನವರು ಹೊಸ ನಿರ್ಣಯದ ಪ್ರತಿ ಕೇಳಿದರು. ನಿರ್ಣಯ ಪುಸ್ತಕ ಯಾರ ಬಳಿ ಇದೆ ಎಂದು ಹುಡುಕುವುದರಲ್ಲಿ ಎರಡು ವಾರ ಕಳೆಯಿತು. ಸಹಿಯ ಅಧಿಕಾರ ಬದಲಾಗುವ ಹೊತ್ತಿಗೆ ಆಗಸ್ಟ್ ಬಂದಿತ್ತು. ನರ್ಸಿಂಗ್ ಕಲಿಯಲು ಹೊರಟಿದ್ದ ಒಬ್ಬ ಹುಡುಗಿಯ ತಾಯಿ ಅಷ್ಟರಲ್ಲಿ ಕಿವಿಯ ಓಲೆ ಅಡವಿಟ್ಟು ಬಡ್ಡಿಗೆ ಹಣ ತಂದಿದ್ದರು. ಆ ಸಮಿತಿ ಹುಟ್ಟಿದ್ದೇ ಊರಿನ ಮಕ್ಕಳು ಓದಿಗಾಗಿ ಬಡ್ಡಿಯ ಬಾಗಿಲು ತಟ್ಟಬಾರದೆಂಬ ಉದ್ದೇಶದಿಂದ. ಖಾತೆಯಲ್ಲಿ ಹಣವಿತ್ತು. ಹಣ ಕೊಡುವ ದಾರಿ ಮಾತ್ರ ಒಬ್ಬರ ಜೊತೆ ಮಣ್ಣಾಗಿತ್ತು.

ಇದೊಂದು ಅಪವಾದವೆಂದು ಭಾವಿಸುವವರು ತಮ್ಮ ತಮ್ಮ ಊರಿನ ಅನಾಥಾಲಯ, ರಕ್ತದಾನಿಗಳ ಬಳಗ, ಝಕಾತ್ ಸಮಿತಿ, ಯುವಕ ಸಂಘ, ವಾಚನಾಲಯಗಳ ಕಡೆಗೆ ಒಮ್ಮೆ ನೋಡಲಿ. ಸಂಸ್ಥೆಯ ಇಮೇಲ್ ಐಡಿ ಯಾವುದು ಎಂದು ಕೇಳಿದರೆ ಅಧ್ಯಕ್ಷರ ಅಳಿಯನ ಐಡಿ ಸಿಗುತ್ತದೆ. ಲೆಕ್ಕ ಎಲ್ಲಿದೆ ಎಂದು ಕೇಳಿದರೆ ಖಜಾಂಚಿಯ ಅಂಗಡಿಯ ಕಂಪ್ಯೂಟರ್‌ನಲ್ಲಿ, ಅವರ ವ್ಯಾಪಾರದ ಲೆಕ್ಕದ ಪಕ್ಕದಲ್ಲಿ. ದೇಣಿಗೆಯ ಕ್ಯೂಆರ್ ಕೋಡ್ ಯಾರ ಖಾತೆಯದು ಎಂದು ಕೇಳುವ ಧೈರ್ಯವಂತೂ ಅನೇಕರಿಗಿಲ್ಲ. ಇದಾವುದರಲ್ಲೂ ವಂಚನೆ ಇರಬೇಕಾಗಿಲ್ಲ. ಬಹುತೇಕ ಕಡೆ ಇಲ್ಲ ಎಂದೇ ನಾನು ನಂಬುತ್ತೇನೆ. ಆದರೆ ವಂಚನೆ ನಡೆದರೆ ಅದನ್ನು ಗುರುತಿಸುವ ಉಪಾಯವೂ ಇಲ್ಲ, ನಡೆಯದಿದ್ದರೆ ಹಾಗೆಂದು ಸಾಬೀತುಪಡಿಸುವ ಉಪಾಯವೂ ಇಲ್ಲ. ಪ್ರಾಮಾಣಿಕರನ್ನು ಅಪವಾದದಿಂದ ಕಾಪಾಡಲಾಗದ ವ್ಯವಸ್ಥೆಯನ್ನು ನಾವು ‘ನಂಬಿಕೆ’ ಎಂದು ಕರೆಯುತ್ತಾ ಬಂದಿದ್ದೇವೆ.

‘ನಮ್ಮ ಸಂಸ್ಥೆಯನ್ನೂ ಆಧುನಿಕಗೊಳಿಸಿದ್ದೇವೆ’ ಎಂದು ಹೇಳುವ ಪದಾಧಿಕಾರಿಗಳಿಗೆ ಕೊರತೆಯಿಲ್ಲ. ಆಧುನಿಕತೆಯೆಂದರೆ ಅವರ ಪಾಲಿಗೆ ಕಂಪ್ಯೂಟರ್. ಯಾವುದೋ ಕಂಪೆನಿ ಕಳಚಿಹಾಕಿದ ಹಳೆಯ ಯಂತ್ರಗಳು ಲಾರಿಯಲ್ಲಿ ಬರುತ್ತವೆ. ಶಾಮಿಯಾನ, ಶಾಲು, ರಿಬ್ಬನ್, ದಾನಿಗಳ ಹೆಸರಿನ ಶಿಲಾಫಲಕ. ಆರು ತಿಂಗಳ ನಂತರ ಆ ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಧೂಳು. ಸಾಲದ್ದಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಸ್ವಲ್ಪ ಕಾಲದ ವಿಸ್ತರಣೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಸರಿಸುಮಾರು 2017ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 11ಕ್ಕೆ ಅರ್ಹವಲ್ಲ. ದಾನವಾಗಿ ಬಂದ ಕಂಪ್ಯೂಟರ್‌ಗಳು ಬಹುಮಟ್ಟಿಗೆ ಅದೇ ಪ್ರಾಯದವು. ಅವನ್ನು ಗುಜರಿಗೆ ಹಾಕಬೇಕಾಗಿಲ್ಲ, ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕೈದು ವರ್ಷ ದುಡಿಯಬಲ್ಲವು. ಆದರೆ ಅದನ್ನು ಹಾಕಿಕೊಡುವವರು ಯಾರು? ರಿಬ್ಬನ್ ಕತ್ತರಿಸಿದವರಂತೂ ಮತ್ತೆ ಆ ಕಡೆ ತಲೆ ಹಾಕಿಲ್ಲ.

ಇತ್ತ ಕಾನೂನು ನಮ್ಮ ನಿದ್ದೆಗಾಗಿ ಕಾಯಲಿಲ್ಲ. ಹಿಂದೆ ಟ್ರಸ್ಟಿನ ಮೊಹರು ಇರುವ ರಶೀದಿ ಕೊಟ್ಟರೆ 80ಜಿ ಪ್ರಕಾರ ದಾನಿಗೆ ತೆರಿಗೆ ವಿನಾಯಿತಿ ಸಿಗುತ್ತಿತ್ತು. 2021-22ರ ಹಣಕಾಸು ವರ್ಷದಿಂದ ಈ ಪದ್ಧತಿ ಬದಲಾಯಿತು. ಪ್ರತಿಯೊಬ್ಬ ದಾನಿಯ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್‌ನಂತಹ ಗುರುತಿನ ಸಂಖ್ಯೆ, ಕೊಟ್ಟ ಮೊತ್ತವನ್ನು ಸಂಸ್ಥೆಯೇ 10ಬಿಡಿ ಎಂಬ ನಮೂನೆಯಲ್ಲಿ ಆನ್‌ಲೈನ್ ಸಲ್ಲಿಸಿ, ಅದರಿಂದ ಹುಟ್ಟುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕೆಂದಾಯಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. 2022ರ ಆಗಸ್ಟ್‌ನಲ್ಲಿ ಬಂದ ನಿಯಮವು ಧರ್ಮಾರ್ಥ ಸಂಸ್ಥೆಗಳು ಯಾವ ಯಾವ ಪುಸ್ತಕ, ದಾಖಲೆಗಳನ್ನು ಇಡಬೇಕೆಂದು ಪಟ್ಟಿ ಮಾಡಿ, ಅವನ್ನು ಹತ್ತು ವರ್ಷ ಕಾಪಾಡಬೇಕೆಂದಿತು. ಕಂಪೆನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ ಪಡೆಯಬೇಕಾದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ನೋಂದಣಿ ಕಡ್ಡಾಯವಾಯಿತು. ಇದೆಲ್ಲಾ ‘ಆಡಿಟರ್ ನೋಡಿಕೊಳ್ಳುತ್ತಾರೆ’ ಎಂಬುದು ನಮ್ಮ ಉತ್ತರ. ಆಡಿಟರ್ ಎಲ್ಲಿಂದ ನೋಡಿಕೊಳ್ಳಬೇಕು? ಇಲ್ಲದ ದಾಖಲೆಯನ್ನು ಅವರು ಸೃಷ್ಟಿಸಬೇಕೇ? ಸೃಷ್ಟಿಸಿದರೆ ಅದಕ್ಕೆ ಏನೆಂದು ಹೆಸರು?

ವಕ್ಫ್ ಆಸ್ತಿಗಳ ವಿಷಯದಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. 2025ರ ಜೂನ್ 6ರಂದು ಕೇಂದ್ರ ಸರಕಾರ ‘ಉಮೀದ್’ ಪೋರ್ಟಲ್ ತೆರೆದು, ದೇಶದ ಎಲ್ಲ ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳಲ್ಲಿ ಅದರಲ್ಲಿ ದಾಖಲಿಸಬೇಕೆಂದಿತು. ಶತಮಾನಗಳ ದಾಖಲೆಗೆ ಆರು ತಿಂಗಳು! ಆ ಗಡುವು ಅನ್ಯಾಯದ್ದೆಂದು ಆಗಲೂ ಅನೇಕರು ಹೇಳಿದ್ದರು, ಈಗಲೂ ಹೇಳಬೇಕಾಗಿದೆ. ಪೋರ್ಟಲ್ ತೆರೆದುಕೊಳ್ಳದೆ ಮುತವಲ್ಲಿಗಳು ರಾತ್ರಿಯಿಡೀ ಕಾದುಕುಳಿತದ್ದೂ ಸತ್ಯ. ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಒಟ್ಟಾರೆ ಗಡುವು ವಿಸ್ತರಿಸಲು ಒಪ್ಪದೆ ಟ್ರಿಬ್ಯೂನಲ್‌ಗೆ ಹೋಗಿ ಎಂದಿತು. ಗಡುವು ಮುಗಿದಾಗ ಸಚಿವಾಲಯವೇ ಕೊಟ್ಟ ಲೆಕ್ಕದಂತೆ 5,17,040 ಆಸ್ತಿಗಳ ದಾಖಲಾತಿ ಆರಂಭವಾಗಿತ್ತು. ಅನುಮೋದನೆಯ ಹಂತ ದಾಟಿದ್ದು 2,16,905. ಸರಕಾರದ ಉದ್ದೇಶದ ಬಗ್ಗೆ ನಮಗೆ ಸಂಶಯಗಳಿರಬಹುದು, ಅವು ನಿರಾಧಾರವೂ ಅಲ್ಲ. ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳದೆ ನಿರ್ವಾಹವಿಲ್ಲ. ತನ್ನ ಜಮೀನಿನ ಆರ್‌ಟಿಸಿ, ವಕ್ಫ್ ಪತ್ರ, ಗಡಿಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟಿದ್ದ ಕಮಿಟಿಗೆ ಆ ಆರು ತಿಂಗಳು ಕಷ್ಟದ ಕಾಲವಾಗಿದ್ದಿರಬಹುದು. ಗೆದ್ದಲು ತಿಂದ ಟ್ರಂಕು ತೆರೆದು ಕುಳಿತ ಕಮಿಟಿಗೆ ಅದು ಏನಾಗಿತ್ತು? ಆ ಟ್ರಂಕಿನ ಬೀಗದ ಕೈ ಯಾರ ಬಳಿ ಇದೆಯೆಂದು ಎರಡು ಬಣಗಳು ಜಗಳವಾಡುತ್ತಿದ್ದ ಕಮಿಟಿಗೆ? ಶತ್ರು ಬಾಗಿಲು ಒಡೆದನೆಂದು ದೂರುವ ಮುನ್ನ ಬಾಗಿಲಿಗೆ ಅಗುಳಿ ಇತ್ತೇ ಎಂದು ನೋಡಬೇಡವೇ?

ನಾನು ಮದ್ರಸದಲ್ಲಿ ಕಲಿತವನು. ಬರೆದಿಡುವುದು ಧರ್ಮಕ್ಕೆ ಹೊರಗಿನ ಕಚೇರಿ ಕೆಲಸ ಎಂಬ ಧೋರಣೆ ನಮ್ಮಲ್ಲಿ ಹೇಗೆ ಬೇರೂರಿತೋ ನನಗೆ ಅರ್ಥವಾಗಿಲ್ಲ. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಅಲ್‌ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಬರೆಯುವವನು ಹೇಗಿರಬೇಕೆಂಬುದು, ಸಾಕ್ಷಿಗಳಾರೆಂಬುದು. ಪರಸ್ಪರ ನಂಬಿಕೆಯಿದ್ದ ಸಮಾಜಕ್ಕೇ ಆ ಆದೇಶ ಬಂದಿತ್ತು. ಖಲೀಫಾ ಉಮರ್(ರ) ಹಿಜರಿ 20ರ ಸುಮಾರಿಗೆ ‘ದೀವಾನ್’ ಎಂಬ ದಫ್ತರು ತೆರೆದು ಯಾರಿಗೆ ಎಷ್ಟು ಸಲ್ಲಬೇಕೆಂದು ಹೆಸರು ಹೆಸರಾಗಿ ಬರೆಸಿದರು. ಅದರ ಮಾದರಿ ಪರ್ಷಿಯನ್ನರದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಹೊರಗಿನ ತಂತ್ರ ಎಂಬ ಕಾರಣಕ್ಕೆ ಅವರು ಅದನ್ನು ತಳ್ಳಿಹಾಕಲಿಲ್ಲ. ಇನ್ನು ‘ದಾನದ ಹಣ ಬಡವರಿಗೆ, ಕಚೇರಿಗಲ್ಲ’ ಎಂದು ಸಭೆಯಲ್ಲಿ ಎದ್ದುನಿಂತು ಚಪ್ಪಾಳೆ ಗಿಟ್ಟಿಸುವ ಹಿರಿಯರು ಅತ್ತೌಬಃ ಅಧ್ಯಾಯದ 60ನೆಯ ಸೂಕ್ತವನ್ನು ಮತ್ತೊಮ್ಮೆ ಓದಬೇಕು. ಝಕಾತಿಗೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಅದನ್ನು ಸಂಗ್ರಹಿಸಿ ನಿರ್ವಹಿಸುವವರೂ ಒಂದು ವರ್ಗ. ಅಂದರೆ ನಿರ್ವಹಣೆಗೆ ಖರ್ಚಿದೆ, ಅದು ನ್ಯಾಯವಾದ ಖರ್ಚು ಎಂಬುದನ್ನು ಒಪ್ಪಿದ ಮೇಲೆಯೇ ಆ ವ್ಯವಸ್ಥೆ ನಿಂತಿದೆ. ನಾವಾದರೋ ಲೆಕ್ಕ ಬರೆಯುವ ಹುಡುಗನಿಗೆ ತಿಂಗಳಿಗೆ ಐದು ಸಾವಿರ ಕೊಡಲು ಹಿಂಜರಿಯುತ್ತೇವೆ, ವಾರ್ಷಿಕೋತ್ಸವದ ಬಿರಿಯಾನಿಗೆ ಎಂಭತ್ತು ಸಾವಿರ ಕೊಡಲು ಹಿಂಜರಿಯುವುದಿಲ್ಲ. (ಬಿರಿಯಾನಿಯ ಬಿಲ್ಲು ಮಾತ್ರ ಎಲ್ಲ ಕಮಿಟಿಗಳಲ್ಲೂ ಭದ್ರವಾಗಿರುತ್ತದೆ.)

ನಮ್ಮ ಬೆಂಗಳೂರಿನ ಇಂಜಿನಿಯರ್ ತಮ್ಮಂದಿರ ಬಗ್ಗೆಯೂ ಒಂದು ಮಾತು ಹೇಳಬೇಕು, ಅವರು ಬೇಸರಿಸಿಕೊಳ್ಳಬಾರದು. ರಮಝಾನ್ ರಜೆಗೆ ಊರಿಗೆ ಬಂದಾಗ ಸಮಿತಿಯ ಸ್ಥಿತಿ ನೋಡಿ ಮರುಗಿ, ಎರಡು ವಾರದಲ್ಲಿ ಒಂದು ಆ್ಯಪ್ ಮಾಡಿಕೊಟ್ಟು ಹೋಗುತ್ತಾರೆ. ಉದ್ದೇಶ ಸ್ತುತ್ಯರ್ಹ. ಆದರೆ ಆ್ಯಪ್ ಇಂಗ್ಲಿಷ್‌ನಲ್ಲಿರುತ್ತದೆ, ಬಳಸಬೇಕಾದ ಖಜಾಂಚಿಗೆ ಅರುವತ್ತೆಂಟು ವರ್ಷ. ಮುಂದಿನ ರಮಝಾನಿಗೆ ಆ ತಮ್ಮ ಕೆಲಸ ಬದಲಾಯಿಸಿ ದುಬೈಯಲ್ಲಿರುತ್ತಾನೆ. ಸರ್ವರ್‌ನ ಬಾಡಿಗೆ ಕಟ್ಟದೆ ಆ್ಯಪ್ ನಿಂತಿರುತ್ತದೆ. ಅದರೊಳಗಿದ್ದ ಲೆಕ್ಕವೂ ಅದರೊಂದಿಗೆ ನಿಂತಿರುತ್ತದೆ. ಮತ್ತೆ ರಶೀದಿ ಪುಸ್ತಕ, ಮತ್ತೆ ಟ್ರಂಕು. ಹೀಗೆ ಎರಡು ಬಾರಿ ಸುಟ್ಟುಕೊಂಡ ಖಜಾಂಚಿ ಮೂರನೆಯ ಬಾರಿ ‘ಕಂಪ್ಯೂಟರ್ ಬೇಡ’ ಎಂದರೆ ಅವರನ್ನು ಹಳೆಯ ಕಾಲದವರೆಂದು ಹಂಗಿಸುವುದು ಅನ್ಯಾಯ.

1987ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇನಿಯಲ್ ಬೆನ್-ಹೊರಿನ್ ಎಂಬವರು ‘ಕಂಪ್ಯೂಮೆಂಟರ್’ ಎಂಬ ಸಂಸ್ಥೆ ಆರಂಭಿಸಿದರು. ಅದು ಮುಂದೆ ಟೆಕ್‌ಸೂಪ್ ಆಗಿ ಅನೇಕ ದೇಶಗಳಿಗೆ ಹಬ್ಬಿತು. ಇಂದು ಅದರ ಹೆಸರು ಕೇಳಿಬರುವುದು ರಿಯಾಯಿತಿ ದರದ ಸಾಫ್ಟ್‌ವೇರ್ ಕೊಡಿಸುವುದಕ್ಕೆ. ಆದರೆ ಅದು ಆರಂಭವಾದದ್ದು ಸಾಫ್ಟ್‌ವೇರ್‌ನಿಂದಲ್ಲ, ಕಂಪ್ಯೂಟರ್ ಬಲ್ಲ ಒಬ್ಬ ಸ್ವಯಂಸೇವಕನನ್ನು ಕಂಪ್ಯೂಟರ್ ತಿಳಿಯದ ಒಂದು ಸಣ್ಣ ಸಂಸ್ಥೆಯೊಂದಿಗೆ ಜೋಡಿಸುವ ಕೆಲಸದಿಂದ. ಅವರಿಗೆ ಮೊದಲು ಹೊಳೆದದ್ದು ನಮಗೆ ಇನ್ನೂ ಹೊಳೆದಿಲ್ಲ. ಸಣ್ಣ ಸಂಸ್ಥೆಗೆ ಬೇಕಾಗಿರುವುದು ಯಂತ್ರವಲ್ಲ, ಪಕ್ಕದಲ್ಲಿ ಕುಳಿತು ನಾಲ್ಕು ಬಾರಿ ಅದೇ ಪ್ರಶ್ನೆ ಕೇಳಿದರೂ ರೇಗದ ಒಬ್ಬ ಮನುಷ್ಯ. ಉಚಿತವಾಗಿ ಸಿಕ್ಕ ಸಾಫ್ಟ್‌ವೇರಿನ ಭರವಸೆಯಾದರೂ ಎಷ್ಟು? ಲಾಭರಹಿತ ಸಂಸ್ಥೆಗಳಿಗೆ ಹತ್ತು ಜನರ ಮಟ್ಟಿಗೆ ಉಚಿತವಾಗಿ ಕೊಡುತ್ತಿದ್ದ ಬಿಸಿನೆಸ್ ಪ್ರೀಮಿಯಂ ಪರವಾನಗಿಯನ್ನು ಮೈಕ್ರೋಸಾಫ್ಟ್ 2025ರ ಜುಲೈಯಿಂದ ನಿಲ್ಲಿಸತೊಡಗಿತು. ಅದಕ್ಕಿಂತ ಕಡಿಮೆ ಸೌಲಭ್ಯದ್ದನ್ನು ಉಚಿತವಾಗಿ ಉಳಿಸಿ, ಮೇಲಿನದಕ್ಕೆ ರಿಯಾಯಿತಿ ದರ ಇಟ್ಟಿತು. ಕೊಟ್ಟವರಿಗೆ ಹಿಂತೆಗೆದುಕೊಳ್ಳುವ ಹಕ್ಕಿದೆ, ದೂರುವಂತಿಲ್ಲ. ನಮ್ಮ ದಾಖಲೆಯನ್ನು ಬೇಕೆಂದಾಗ ಹೊರತೆಗೆದು ಇನ್ನೊಂದು ಕಡೆ ಇಡುವಂತಿರಬೇಕು, ಅಷ್ಟೇ.

ಹೊರತೆಗೆಯುವ ಮಾತು ಬಂದಾಗ ಭಾಷೆಯ ತೊಡಕೊಂದಿದೆ. ಇಂಗ್ಲಿಷ್‌ನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ನಮ್ಮ ಸಂಸ್ಥೆಗಳಲ್ಲಿ ಕಂಪ್ಯೂಟರ್ ಬಂದ ಮೊದಲ ವರ್ಷಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಹಳೆಯ ನುಡಿ, ಬರಹ ಫಾಂಟುಗಳಲ್ಲಿವೆ. ಉರ್ದುವಿನಲ್ಲಿದ್ದರೆ ಇನ್‌ಪೇಜ್‌ನಲ್ಲಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅಕ್ಷರಗಳೆಲ್ಲ ಅರ್ಥವಿಲ್ಲದ ಗುರುತುಗಳು. ಹೆಸರು ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ನಂತರ ಒಬ್ಬರು ಕುಳಿತು ಒತ್ತಕ್ಷರಗಳನ್ನು ಸರಿಪಡಿಸಬೇಕು. ಸಾವಿರ ಹೆಸರಿಗೆ ಮೂರು ನಾಲ್ಕು ಸಂಜೆಯ ಕೆಲಸ. ಉಮಯ್ಯಾ ಖಲೀಫಾ ಅಬ್ದುಲ್ ಮಲಿಕ್‌ನ ಕಾಲದಲ್ಲಿ ಸಿರಿಯಾದ ದಫ್ತರುಗಳನ್ನು ಗ್ರೀಕ್‌ನಿಂದ, ಇರಾಕಿನದನ್ನು ಪರ್ಷಿಯನ್‌ನಿಂದ ಅರಬಿಗೆ ತಂದರು. ಒಂದು ಸಾಮ್ರಾಜ್ಯದ ಲೆಕ್ಕವನ್ನೇ ಭಾಷೆ ಬದಲಾಯಿಸಿ ಬರೆಯಲು ಸಾಧ್ಯವಾಗಿದ್ದರೆ, ನಮ್ಮ ಊರಿನ ವಿದ್ಯಾರ್ಥಿಗಳ ಪಟ್ಟಿಯ ಫಾಂಟು ಬದಲಾಯಿಸುವುದು ಅಸಾಧ್ಯವೇ?

ಇನ್ನೊಂದು ಕೆಡುಕಿನ ಬಗ್ಗೆ ಮೌನ ಸಲ್ಲದು. ವಾಟ್ಸ್‌ಆ್ಯಪ್ ಗುಂಪನ್ನೇ ನಾವು ಕಚೇರಿ ಮಾಡಿಕೊಂಡಿದ್ದೇವೆ. ಕಿಡ್ನಿ ರೋಗಿಯ ವರದಿ, ವಿಧವೆಯ ಆಧಾರ್ ಕಾರ್ಡು, ಅನಾಥ ಬಾಲಕಿಯ ಭಾವಚಿತ್ರ, ಬಡವನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇವೆಲ್ಲ ಇನ್ನೂರೈವತ್ತು ಮಂದಿಯ ಗುಂಪಿನಲ್ಲಿ ಹರಿದಾಡುತ್ತವೆ. ಅಲ್ಲಿಂದ ಇನ್ನೂ ಹತ್ತು ಗುಂಪುಗಳಿಗೆ. ಮೂರು ವರ್ಷದ ಹಿಂದೆ ಗುಣಮುಖನಾದ ರೋಗಿಯ ಹೆಸರಿನಲ್ಲಿ ಇಂದಿಗೂ ಮನವಿ ಸುತ್ತುತ್ತಿರುತ್ತದೆ, ಅದರಲ್ಲಿರುವ ಖಾತೆ ಸಂಖ್ಯೆಯನ್ನು ಯಾರು ಯಾವಾಗ ಬದಲಾಯಿಸಿದರೋ ಬಲ್ಲವರಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರವಚನ ಮಾಡುವ ನಾವೇ, ಪಡೆದವನ ಮುಖವನ್ನು ಊರಿಗೆಲ್ಲ ತೋರಿಸುತ್ತೇವೆ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿ ಹಂತ ಹಂತವಾಗಿ ಜಾರಿಯ ವೇಳಾಪಟ್ಟಿ ಬಂತು. ಕಾನೂನಿನ ಭಯಕ್ಕಾದರೂ ಈ ಪದ್ಧತಿ ನಿಲ್ಲಬಹುದೇನೋ. ಆ ವಿಧವೆಯ ಮಾನಕ್ಕೆ ಹೆದರಿ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನನ್ನ ಉತ್ತರ ನಿರಾಶೆಯನ್ನೇ ತರಬಹುದು, ಏಕೆಂದರೆ ಅದರಲ್ಲಿ ಉದ್ಘಾಟಿಸುವಂತಹದ್ದು ಏನೂ ಇಲ್ಲ. ಸಂಸ್ಥೆಯ ಹೆಸರಿನಲ್ಲಿ ಒಂದು ಸಿಮ್. ಅದು ಯಾರ ಸ್ವಂತ ಮೊಬೈಲ್‌ನಲ್ಲೂ ಇರಕೂಡದು. ಸಂಸ್ಥೆಯದ್ದೇ ಇಮೇಲ್. ಗೂಗಲ್ ಲಾಭರಹಿತ ಸಂಸ್ಥೆಗಳಿಗೆ ಉಚಿತವಾಗಿ ಕೊಡುವ ಯೋಜನೆ ಭಾರತದಲ್ಲೂ ಇದೆ, ನೋಂದಣಿ ಪತ್ರಗಳು ಸರಿಯಿದ್ದರೆ ಸಿಗುತ್ತದೆ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಬೇಕು ಮತ್ತು ಅವರಿಬ್ಬರು ಒಂದೇ ಮನೆಯವರಾಗಿರಬಾರದು. ದಾನಿಗಳಿಗೊಂದು ಹಾಳೆ, ಫಲಾನುಭವಿಗಳಿಗೊಂದು ಹಾಳೆ. ದೊಡ್ಡ ಸಾಫ್ಟ್‌ವೇರ್ ಬೇಡ, ಲಿಬ್ರೆಆಫೀಸ್ ಸಾಕು, ಕನ್ನಡವನ್ನೂ ಅದು ಚೆನ್ನಾಗಿಯೇ ನಿಭಾಯಿಸುತ್ತದೆ. ಹಣ ಬಂದ ದಿನವೇ ದಾನಿಯ ಪ್ಯಾನ್ ಸಂಖ್ಯೆ ಬರೆದುಕೊಂಡರೆ ಮೇ ತಿಂಗಳಲ್ಲಿ ನೂರು ಜನರಿಗೆ ಫೋನ್ ಮಾಡುವ ಸಂಕಟವಿಲ್ಲ. ತಿಂಗಳಿಗೊಮ್ಮೆ ಎಲ್ಲದರ ಪ್ರತಿ ಒಂದು ಬೇರೆ ಜಾಗಕ್ಕೆ. ಕಂಪ್ಯೂಟರ್ ಬಲ್ಲ ಯುವಕನಿಗೆ, ಯುವತಿಗೂ, ಆ್ಯಪ್ ಮಾಡುವ ಬದಲು ವಾರಕ್ಕೆ ಎರಡು ಗಂಟೆ, ಎರಡು ವರ್ಷ, ಅದೇ ಮೇಜಿನ ಬಳಿ ಕುಳಿತುಕೊಳ್ಳುವ ಹೊಣೆ. ಯುವತಿಗೂ ಎಂದು ಒತ್ತಿ ಹೇಳುತ್ತಿದ್ದೇನೆ. ನಮ್ಮ ಊರುಗಳಲ್ಲಿ ಬಿಕಾಂ, ಬಿಸಿಎ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳೆಷ್ಟು, ಲೆಕ್ಕ ಬರೆಯಲು ಜನ ಸಿಗುವುದಿಲ್ಲವೆಂದು ಗೋಳಾಡುವ ಕಮಿಟಿಗಳೆಷ್ಟು!

ಇದಕ್ಕೆ ವಿರೋಧ ಬರುವುದು ಹಣದ ಕಾರಣಕ್ಕಲ್ಲ ಎಂಬುದನ್ನು ನಾನು ಅನುಭವದಿಂದ ಕಲಿತೆ. ದಾಖಲೆ ಸಂಸ್ಥೆಯದ್ದಾದ ದಿನ ಯಾರೂ ಅನಿವಾರ್ಯರಾಗಿ ಉಳಿಯುವುದಿಲ್ಲ. ಇಪ್ಪತ್ತು ವರ್ಷ ‘ನಾನಿಲ್ಲದಿದ್ದರೆ ನಡೆಯದು’ ಎಂಬ ಗೌರವದಲ್ಲಿ ಬದುಕಿದವರಿಗೆ ಎರಡನೆಯ ವ್ಯಕ್ತಿಗೆ ಪಾಸ್‌ವರ್ಡ್ ಕೊಡುವುದೆಂದರೆ ಕುರ್ಚಿಯ ಒಂದು ಕಾಲನ್ನು ಕೊಟ್ಟಂತೆ. ಕಂಪ್ಯೂಟರನ್ನು ಸ್ವಾಗತಿಸಿ, ಅದರೊಳಗೆ ಏನಿರಬೇಕೆಂಬ ಪ್ರಶ್ನೆಯನ್ನು ಮಾತ್ರ ಮುಂದಿನ ಸಭೆಗೆ ತಳ್ಳುವ ಜಾಣ್ಮೆ ಇಲ್ಲಿಂದಲೇ ಹುಟ್ಟುತ್ತದೆ.

ಆರಂಭದಲ್ಲಿ ಹೇಳಿದ ಸಮಿತಿಯಲ್ಲಿ ಈಗ ಹೊಸ ಸಿಮ್ ಇದೆ, ಸಂಸ್ಥೆಯ ಇಮೇಲ್ ಇದೆ. ಮಕ್ಕಳ ಪಟ್ಟಿಯನ್ನು ಅರ್ಜಿಗಳಿಂದ, ಬ್ಯಾಂಕಿನ ಹೇಳಿಕೆಯಿಂದ, ಮಕ್ಕಳ ಹೆತ್ತವರ ನೆನಪಿನಿಂದ ಮತ್ತೆ ಕಟ್ಟಿದ್ದೇವೆ. ಬಿಸಿಎ ಓದಿದ ಇಬ್ಬರು ಹುಡುಗಿಯರು ಅದನ್ನು ಬರೆದರು. ಕಳೆದ ಮಹಾಸಭೆಯಲ್ಲಿ ಪಾಸ್‌ವರ್ಡ್ ಇಬ್ಬರ ಬಳಿ ಇರಬೇಕೆಂಬ ನಿರ್ಣಯ ಮಂಡಿಸಿದಾಗ ಹನ್ನೊಂದು ಮಂದಿ ಇದ್ದರು. ಚರ್ಚೆ ಒಂದೂವರೆ ಗಂಟೆ ನಡೆಯಿತು. ನಿರ್ಣಯವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಉಪಸಮಿತಿ ಇನ್ನೂ ಸೇರಿಲ್ಲ.